ಮಲ್ಪೆಯ ಕಲ್ಲು, ಡ್ಯಾನ್‌ವಿಲ್ಲಿನ ದೇವರು

ಅಮೆರಿಕ ಹೇಗಿತ್ತು ಎಂದು ಜನ ನನ್ನನ್ನು ಈಗಲೂ ಕೇಳುತ್ತಾರೆ. ಸಿಟಿ ಬಸ್ಸಿನಲ್ಲಿ ಕೇಳುತ್ತಾರೆ, ತರಕಾರಿ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಊಟದಲ್ಲಿ ಬಾಯಿಗೆ ಹೋಳಿಗೆ ಇಟ್ಟುಕೊಂಡೂ ಕೇಳುತ್ತಾರೆ. ರಸ್ತೆ ಅಗಲವಿತ್ತು, ಸೇತುವೆ ಕೆಂಪಗಿತ್ತು ಎಂದು ನನ್ನಿಂದ ಹೇಳಿಸಬೇಕೆಂದು ಅವರ ಆಸೆ. ನಾನು ಹೇಳುವುದು ಒಂದೇ ಮಾತು: ನಮ್ಮ ದ್ವೀಪದ ಒಂದು ಕಂಬ ಅಲ್ಲಿದೆ. ಅದನ್ನು ಅಲ್ಲಿಗೆ ಸಾಗಿಸಿದವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಲಕ್ಷಣವೂ ಇಲ್ಲ.

ಉಡುಪಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಎರಡು ಸಾವಿರನೆಯ ಇಸವಿಯ ಫೆಬ್ರವರಿಯಲ್ಲಿ ತಂಗಿಯ ಮಗಳು ಶೈಲಾ ಟಿಕೆಟ್ ಕಳಿಸಿ, "ದೊಡ್ಡಮ್ಮ, ಇನ್ನು ನೆಪ ಹೇಳಬೇಡಿ" ಎಂದಳು. ಕ್ಯಾಲಿಫೋರ್ನಿಯಾದಲ್ಲಿ ನೆಲ ಬಿರಿದು ಎರಡು ಕಡೆಗೆ ಜಾರುತ್ತಿದೆಯಲ್ಲ, ಆ ಬಿರುಕನ್ನು ಸಾಯುವ ಮುಂಚೆ ಒಮ್ಮೆ ನೋಡಬೇಕೆಂದಿತ್ತು. ಹೊರಟೆ.

ವಿಮಾನ ನಿಲ್ದಾಣ

ನನ್ನ ಸೂಟ್‌ಕೇಸಿನಲ್ಲಿ ಶೈಲಾಳಿಗೆ ಹಲಸಿನ ಹಪ್ಪಳವಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವಿತ್ತು, ಸೀರೆಗಳ ನಡುವೆ ನನ್ನ ಸುತ್ತಿಗೆಯಿತ್ತು. ಸುತ್ತಿಗೆ ಯಾಕೆಂದರೆ, ಕಲ್ಲಿನ ಹೊರಮೈ ಸುಳ್ಳು ಹೇಳುತ್ತದೆ. ಬಿಸಿಲು ಮಳೆಗೆ ಬಣ್ಣ ಬದಲಾಗಿರುತ್ತದೆ, ಪಾಚಿ ಹಿಡಿದಿರುತ್ತದೆ. ಒಂದು ಚೂರು ಒಡೆದು ಹೊಸ ಮುಖ ನೋಡಿದ ಮೇಲೆಯೇ ಅದರ ಹೆಸರು ಹೇಳಬೇಕು. ಮಕ್ಕಳಿಗೆ ಮೊದಲ ದಿನ ನಾನು ಕಲಿಸುತ್ತಿದ್ದ ಪಾಠವೇ ಇದು.

ಸ್ಯಾನ್ ಫ್ರಾನ್ಸಿಸ್ಕೋದ ಅಧಿಕಾರಿಯೊಬ್ಬ ಸೂಟ್‌ಕೇಸು ಬಿಡಿಸಿ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಇದೇನು ಎಂದ. ಕಲ್ಲು ಒಡೆಯಲು ಎಂದೆ. ಯಾವ ಕಲ್ಲು ಎಂದ. ಇನ್ನೂ ಗೊತ್ತಿಲ್ಲ ಎಂದೆ. ಅವನು ನಕ್ಕು ಸುತ್ತಿಗೆಯನ್ನು ವಾಪಸು ಇಟ್ಟ. ಆಮೇಲೆ ಕರಿಬೇವಿನ ಪೊಟ್ಟಣ ಸಿಕ್ಕಿತು ನೋಡಿ, ಮುಖವೇ ಬದಲಾಯಿತು. ಕೈಗವಸು ಹಾಕಿಕೊಂಡ, ಇನ್ನೊಬ್ಬಳನ್ನು ಕರೆದ, ಇಬ್ಬರೂ ಸೇರಿ ಅದನ್ನು ಹಾವಿನ ಮರಿಯಂತೆ ಎತ್ತಿ ಕಸದ ಡಬ್ಬಿಗೆ ಹಾಕಿದರು. ಹೊರಗಿನ ಎಲೆ ಬಂದರೆ ಅವರ ಗಿಡಗಳಿಗೆ ರೋಗ ತಗಲುತ್ತದಂತೆ.

"ನಮ್ಮ ಹಿತ್ತಿಲಿನದು, ಒಂದು ಹುಳ ಇಲ್ಲ ಅದರಲ್ಲಿ!" ಎಂದು ನಾನು ಕನ್ನಡದಲ್ಲೇ ಬೈದೆ. ಆದರೂ ಒಳಗೊಳಗೇ ಮೆಚ್ಚಿಕೊಂಡೆ. ಒಂದು ಎಸಳು ಸೊಪ್ಪನ್ನೂ ಸುಮ್ಮನೆ ಒಳಗೆ ಬಿಡದ ದೇಶ, ಭೇಷ್ ಎಂದುಕೊಂಡೆ. ಆ ಮೆಚ್ಚುಗೆ ಎಂಟು ದಿನ ಬಾಳಿತು.

ಕ್ಯುಪರ್ಟಿನೋ

ಶೈಲಾಳ ಮನೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಷ್ಟಿತ್ತು. ಇಷ್ಟು ಚಿಕ್ಕ ಗೂಡಿಗೆ ಯಾಕಮ್ಮ ಬಂದಿರಿ ಎಂದರೆ, ಇಲ್ಲಿ ಸ್ಕೂಲು ಒಳ್ಳೆಯದು ಎಂದಳು. ಅವಳ ಮಗಳಿಗೆ ಆಗ ಎರಡು ವರ್ಷ. ನಾನು ಏನಾದರೂ ಕೇಳಿದರೆ ಆ ಮಗು ಪೂರ್ತಿ ಅರ್ಥ ಮಾಡಿಕೊಂಡು "ನೋ" ಎನ್ನುತ್ತಿತ್ತು.

ಆ ದಿನಗಳಲ್ಲಿ ಅಲ್ಲಿ ಯಾರ ಬಾಯಲ್ಲೂ ಡಾಟ್ ಕಾಮ್ ಬಿಟ್ಟು ಬೇರೆ ಮಾತಿರಲಿಲ್ಲ. ನಾಯಿಗೆ ತಿಂಡಿ ಮಾರಲು ಒಂದು ಡಾಟ್ ಕಾಮ್, ಗ್ರೋಸರಿ ಮನೆಗೆ ತಂದುಕೊಡಲು ಇನ್ನೊಂದು. ಶೈಲಾಳ ಗಂಡ ವಿವೇಕ ಬೆಂಗಳೂರಿನ ಹುಡುಗ, ಒಳ್ಳೆಯವನು, ಇದ್ದ ಕೆಲಸ ಬಿಟ್ಟು ಚಂದ್ರು ಎಂಬವನ ಹೊಸ ಕಂಪನಿಗೆ ಸೇರುವವನಿದ್ದ. ವೀಸಾ ಕೂಡ ಆ ಕಂಪನಿಯ ಹೆಸರಿಗೆ ಬದಲಾಗಬೇಕಿತ್ತು.

"ಕಂಪನಿ ಎಂತ ಮಾಡುದು?" ಎಂದು ಕೇಳಿದೆ.

"ಆನ್‌ಲೈನ್ ಪೂಜೆ ದೊಡ್ಡಮ್ಮ. ನೀವು ಕಂಪ್ಯೂಟರ್‌ನಲ್ಲಿ ಸಂಕಲ್ಪ ಟೈಪ್ ಮಾಡಿದ್ರೆ ಇಲ್ಲಿ ಅಭಿಷೇಕ ಆಗುತ್ತೆ. ಚಂದ್ರು ಅವರ ಬ್ಯಾಕ್‌ಯಾರ್ಡಲ್ಲೇ ಲಿಂಗ ಇದೆ, ವೆಬ್‌ಕ್ಯಾಮು ಹಾಕಿದಾರೆ. ನಿಮಿಷಕ್ಕೊಂದು ಫೋಟೋ ಸೈಟಿಗೆ ಹೋಗುತ್ತೆ. ನಿಮಗೆ ಇಂಟ್ರೆಸ್ಟ್ ಇರುತ್ತೆ, ಅದು ಜ್ವಾಲಾಮುಖಿಯಿಂದ ಬಂದ ಸ್ವಯಂಭೂ ಲಿಂಗ ಅಂತೆ."

ಹವಾಯಿಯದೋ ಏನೋ ಎಂದುಕೊಂಡೆ. ಶಿವರಾತ್ರಿ ಮುಗಿದ ಮರುದಿನ ಭಾನುವಾರ ಚಂದ್ರುವಿನ ಮನೆಯಲ್ಲಿ ರುದ್ರಾಭಿಷೇಕವಿತ್ತು. ನನ್ನನ್ನೂ ಕರೆದುಕೊಂಡು ಹೋದರು.

ಡ್ಯಾನ್‌ವಿಲ್

ಚಂದ್ರು ಮಂಡ್ಯ ಕಡೆಯವನು, ನಲವತ್ತರ ಆಸುಪಾಸು, ಬಾಯಿ ತುಂಬ ನಗು. ಮನೆಯ ಹಿಂದೆ ಹಸಿರು ಗುಡ್ಡ. ಹಿತ್ತಿಲ ಈಶಾನ್ಯ ಮೂಲೆಯಲ್ಲಿ ಬಿಳಿ ಅಮೃತಶಿಲೆಯ ಕಟ್ಟೆ, ಅದರ ಮೇಲೆ ಮೊಣಕಾಲೆತ್ತರದ ಒಂದು ಕಲ್ಲು. ಮೇಲೆ ವಿಭೂತಿ, ಹೂವು. ನೆತ್ತಿಯ ಮೇಲಿದ್ದ ದುಂಡಗಿನ ತೂತಿನಲ್ಲಿ ಒಂದು ಹಿಡಿ ಅಗರಬತ್ತಿ ಚುಚ್ಚಿದ್ದರು.

ನಾನು ಹತ್ತಿರ ಹೋದೆ. ಆರು ಮುಖ. ಬೂದು ಬಣ್ಣ. ತೂತಿನ ಪಕ್ಕದಲ್ಲಿ ಮಾಸಿದ ಹಳದಿ ಬಣ್ಣದ ಒಂದು ಬಾಣದ ಗುರುತು.

ನನ್ನ ಮೈಯೆಲ್ಲ ಉರಿದುಹೋಯಿತು.

ತಿಳಿಯದವರಿಗೆ ಹೇಳುತ್ತೇನೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ ಸಿಗುತ್ತದೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವೇ ಇರಲಿಲ್ಲ. ಈಗ ಆಫ್ರಿಕದ ಪಕ್ಕ ಇರುವ ಮಡಗಾಸ್ಕರ್ ಆಗ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಅದು ಬಿಟ್ಟುಹೋಗಲು ಹೊರಟಾಗ ನೆಲ ಬಿರಿದು ಬೆಂಕಿಯ ರಸ ಉಕ್ಕಿತು. ಉಕ್ಕಿದ ರಸ ನಿಧಾನವಾಗಿ ತಣ್ಣಗಾಗಿ, ಕುಗ್ಗಿ, ಬೇಸಿಗೆಯ ಗದ್ದೆಯ ಕೆಸರು ಒಡೆಯುವ ಹಾಗೆ ಬಿರುಕುಬಿಟ್ಟಿತು. ಬಿರುಕು ಕೆಳಕೆಳಗೆ ಇಳಿದು ಸಾಲು ಸಾಲು ಕಂಬಗಳಾದವು. ಐದು ಮುಖದವು, ಆರು ಮುಖದವು, ಏಳು ಮುಖದವು. ಆಮೇಲೆ ಆ ಜ್ವಾಲಾಮುಖಿ ಮತ್ತೆ ಬಾಯಿ ತೆರೆಯಲಿಲ್ಲ. ಇದು ಮಹಾರಾಷ್ಟ್ರದ ಕಡೆಯಿಂದ ಹರಿದ ದಖ್ಖನ್ ಲಾವಾದ ತುಣುಕು ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. ವಯಸ್ಸು ಅಳೆದು ನೋಡಿದರೆ ಅದಕ್ಕಿಂತ ಎಷ್ಟೋ ಹಳೆಯದು! ಮಡಗಾಸ್ಕರಿನಲ್ಲೂ ಅದೇ ವಯಸ್ಸಿನ ಕಲ್ಲು. ಎರಡೂ ನೆಲ ಒಂದಾಗಿದ್ದವು ಎನ್ನುವುದಕ್ಕೆ ಅಲ್ಲೊಂದು ಇಲ್ಲೊಂದು ಉಳಿದ ಈ ಕಲ್ಲುಗಳೂ ಸಾಕ್ಷಿ.

ಇನ್ನೊಂದು ವಿಷಯ. ಲಾವಾ ತಣ್ಣಗಾಗುವಾಗ ಉತ್ತರ ದಿಕ್ಕು ಯಾವ ಕಡೆಗಿತ್ತೆಂದು ಕಲ್ಲು ಒಳಗೇ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಓದಲು ಒಮ್ಮೆ ಹೊರಗಿನಿಂದ ತಜ್ಞರು ಬಂದಿದ್ದರು. ಮೊದಲು ಕಂಬದ ಮೇಲೆ ಉತ್ತರಕ್ಕೆ ಬಾಣ ಬರೆದು, ಆಮೇಲೆ ಡ್ರಿಲ್ ಹಾಕಿ ಹೆಬ್ಬೆರಳು ಗಾತ್ರದ ತುಂಡು ತೆಗೆದರು. ಡ್ರಿಲ್ ಬಿಸಿಯಾಗದ ಹಾಗೆ ಕೊಡದಿಂದ ನೀರು ಹೊಯ್ದವಳು ನಾನು. ಆ ಬಾಣ ಬರೆದವಳೂ ನಾನೇ. ಅಲ್ಲಿಂದ ಪ್ರತಿವರ್ಷ ಮಕ್ಕಳನ್ನು ಆ ಕಂಬದ ಸುತ್ತ ಕೂರಿಸಿ ಪಾಠ ಮಾಡುತ್ತಿದ್ದೆ. ನಿವೃತ್ತಿಗೆ ಮುಂಚಿನ ಕೊನೆಯ ವರ್ಷ ಹೋಗಿ ನೋಡಿದರೆ ಕಂಬ ಇಲ್ಲ. ಬುಡ ಮಾತ್ರ ಉಳಿದಿತ್ತು.

ಆ ಕಂಬ ಇಲ್ಲಿತ್ತು. ಒಂಬತ್ತು ಕೋಟಿ ವರ್ಷದ ನೆನಪಿನ ತಲೆಯ ಮೇಲೆ ಸೈಕಲ್ ಬ್ರಾಂಡ್ ಊದುಬತ್ತಿ ಉರಿಯುತ್ತಿತ್ತು.

"ಇದು ನಿಮಗೆ ಎಲ್ಲಿಂದ ಸಿಕ್ಕಿದ್ದು?" ಎಂದೆ.

"ನಮ್ ಭಾವಂದು ಗ್ರಾನೈಟ್ ಎಕ್ಸ್‌ಪೋರ್ಟು ಮೇಡಮ್," ಎಂದ ಚಂದ್ರು. "ಕಿಚನ್ ಕೌಂಟರ್‌ಗೆ ಅಂತ ಕಲ್ಲು ಕಳ್ಸಿದ್ರಲ್ಲ, ಅದೇ ಕಂಟೇನರಲ್ಲಿ ಇದ್ನೂ ಹಾಕ್ಬುಟ್ರು. ಮೊದ್ಲು ಫೌಂಟನ್ ಮಾಡವ ಅಂತಿದ್ದೆ. ತೂತು ಬೇರೆ ರೆಡಿ ಇತ್ತು. ಆಮೇಲೆ ಐಡಿಯಾ ಬಂತು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದವನನ್ನು ನಾನು ಬೇರೆ ಕಂಡಿಲ್ಲ.

"ಮಾರಾಯ, ಇದು ಕದ್ದ ಮಾಲು. ಇಡೀ ದ್ವೀಪ ರಾಷ್ಟ್ರೀಯ ಸ್ಮಾರಕ ಗೊತ್ತುಂಟಾ? ಒಂದು ಚಿಪ್ಪು ಹೆಕ್ಕಿದರೂ ನಾನು ಮಕ್ಕಳ ಕಿಸೆ ಜಾಡಿಸುತ್ತಿದ್ದೆ. ನೀವು ಕಂಬವನ್ನೇ ಹೊತ್ತು ತಂದಿದ್ದೀರಿ! ವಾಪಸು ಕಳಿಸಿ."

ಅಭಿಷೇಕಕ್ಕೆ ಬಂದವರೆಲ್ಲ ತಿರುಗಿ ನೋಡಿದರು. ಶೈಲಾ ನನ್ನ ಸೆರಗು ಹಿಡಿದು ಎಳೆದಳು. ಚಂದ್ರು ನಗುತ್ತಲೇ ಇದ್ದ. "ಕಳ್ಸದು ಹೆಂಗೆ ಮೇಡಮ್, ಪ್ರಾಣಪ್ರತಿಷ್ಠೆ ಆಗೋಗದೆ. ಬೇಕಾದ್ರೆ ಭಟ್ರನ್ನೇ ಕೇಳಿ."

ಭಟ್ಟರು ಗಂಭೀರವಾಗಿ, ಪ್ರತಿಷ್ಠೆಯಾದ ಮೂರ್ತಿಯನ್ನು ಅಲ್ಲಾಡಿಸಬಾರದು ಎಂದರು. ಮುಕ್ಕಾಗಿ ಭಿನ್ನವಾದರೆ ಮಾತ್ರ ಪೂಜೆಗೆ ಬರುವುದಿಲ್ಲ, ಆಗ ತೆಗೆದು ನೀರಿಗೆ ಬಿಡಬೇಕು ಎಂದೂ ಹೇಳಿದರು. ಹೇಳಿ ಪಾಯಸಕ್ಕೆ ಹೋದರು.

ಕರಿಬೇವಿನ ಆ ಅಧಿಕಾರಿ ಎಲ್ಲಿದ್ದನೋ! ಒಂದು ಎಸಳು ಸೊಪ್ಪಿಗೆ ಕೈಗವಸು ಹಾಕಿಕೊಂಡವರ ಬಂದರಿನಲ್ಲಿ ನಮ್ಮ ಕಂಬ ರಾಜಾರೋಷವಾಗಿ ಇಳಿದಿತ್ತು. ಫ್ರೀವೇ ಉದ್ದಕ್ಕೂ ನಾನು ಕೂಗಾಡಿದೆ. ಕೊನೆಗೆ ಶೈಲಾ, "ದೊಡ್ಡಮ್ಮ, ಒಂದು ಕಲ್ಲಿಗೋಸ್ಕರ ಇವರ ಕೆಲಸ ತೆಗೀಬೇಡಿ, ಪ್ಲೀಸ್" ಎಂದಳು.

ಒಂದು ಕಲ್ಲಂತೆ. ನಾನು ಬಾಯಿ ಮುಚ್ಚಿದೆ. ಸಿಟ್ಟು ಬಾಯಿಯಲ್ಲಿ ಮಾತ್ರ ಇರುತ್ತದೆಯೇ?

ಮತ್ತೆ ಡ್ಯಾನ್‌ವಿಲ್

ಮುಂದಿನ ಭಾನುವಾರ ವಿವೇಕನಿಗೆ ಚಂದ್ರುವಿನ ಮನೆಯಲ್ಲಿ ಮೀಟಿಂಗು. ನಾನೂ ಬರುತ್ತೇನೆ, ಒರಟಾಗಿ ಮಾತಾಡಿದ್ದಕ್ಕೆ ಒಂದು ಮಾತು ಹೇಳಿ ಬರುತ್ತೇನೆ ಎಂದೆ. ಇಬ್ಬರೂ ನಂಬಿದರು. ಕೈಚೀಲದಲ್ಲಿ ಹಲಸಿನ ಹಪ್ಪಳವಿತ್ತು, ಅದರ ಕೆಳಗೆ ಸುತ್ತಿಗೆ.

ಹಿತ್ತಿಲಿಗೆ ಹೋದರೆ ಕಲ್ಲಿನ ಎದುರು ಚಂದ್ರುವಿನ ತಾಯಿ ಪುಟ್ಟಮ್ಮ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಲೋಟದಲ್ಲಿ ಹಾಲು. ಕಲ್ಲಿನ ಹತ್ತಿರ ಏನೋ ಮಾತಾಡುತ್ತಿದ್ದರು. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು, ಮೊಮ್ಮಗಳು ಏನು ತಿನ್ನದೆ ಹೋದಳು, ಅಂಥವೇ ಮಾತು. ನನ್ನನ್ನು ಕಂಡು ಜಾಗ ಬಿಟ್ಟುಕೊಟ್ಟರು.

"ಕೂತ್ಕೊಳವ್ವ. ಈ ಊರ್ನಾಗೆ ನಾನು ಏಳದ್ನ ಪೂರ್ತಿ ಕೇಳ್ಸ್ಕಳನು ಇವ್ನೊಬ್ನೆ ಕಣವ್ವ. ಮಿಕ್ಕೋರೆಲ್ಲ ಅರ್ಧಕ್ಕೆ ಎದ್ದೋಯ್ತರೆ."

ಸತ್ಯ ಹೇಳುತ್ತೇನೆ, ಸುತ್ತಿಗೆಯ ಮೇಲಿದ್ದ ನನ್ನ ಕೈ ಸಡಿಲವಾಯಿತು. ಈ ಹೆಂಗಸಿನ ಕಣ್ಣೆದುರು ಹೊಡೆಯುವುದು ಹೇಗೆ? ಕೂತೆ. ಕೂತು, ಈ ಕಲ್ಲು ಎಲ್ಲಿಯದೆಂದು ಅವರಿಗೆ ಹೇಳಿದೆ. ನೆಲ ಬಿರಿದದ್ದು, ಬೆಂಕಿ ಉಕ್ಕಿದ್ದು, ಒಟ್ಟಿಗಿದ್ದ ಒಂದು ನೆಲ ಬಿಟ್ಟುಹೋದದ್ದು, ಮಧ್ಯೆ ಸಮುದ್ರ ಬಂದದ್ದು, ಇವನ ಅಕ್ಕಪಕ್ಕದ ಕಂಬಗಳು ಇನ್ನೂ ಅಲ್ಲೇ ಸಾಲಾಗಿ ನಿಂತಿರುವುದು, ಎಲ್ಲ. ಕಾಲೇಜಿನಲ್ಲಿ ಅಷ್ಟು ಗಮನವಿಟ್ಟು ಯಾರೂ ಕೇಳಿದ್ದಿಲ್ಲ.

"ಅಂಗಾರೆ ಬೆಂಕೀಲಿ ಉಟ್ಟವ್ನು," ಎಂದರು ಪುಟ್ಟಮ್ಮ. "ಜೊತೆಗಾರ್ರು ಎಲ್ಲಾ ಅಲ್ಲೇ ಅವ್ರಾ?" ಎಂದು ಕೇಳಿದರು.

"ಎಲ್ಲರೂ ಇದ್ದಾರೆ. ಇವನ ಜಾಗ ಮಾತ್ರ ಖಾಲಿ ಉಂಟು."

"ಪಾಪ. ಇಲ್ಲಿ ಎಷ್ಟ್ ಹಾಲು ಉಯ್ದ್ರೂ ಒಂದ್ ದಿನ ನಗ್ಲಿಲ್ಲ ಕಣವ್ವ ಇವ್ನು. ನಂಗಂತೂ ಓಗಕೆ ಬುಡಕಿಲ್ಲ ಮಗ. ಇವ್ನಾರ ಓಗ್ಲಿ, ಕಳ್ಸ್‌ಬುಡು."

"ಕಳಿಸಬೇಕಾದರೆ ಇದನ್ನು ಸ್ವಲ್ಪ ಒಡೆಯಬೇಕು ಅಮ್ಮ. ಭಟ್ಟರು ಹೇಳಿದ್ದು ಕೇಳಿದ್ದೀರಲ್ಲ."

ಪುಟ್ಟಮ್ಮ ಲೋಟದ ಹಾಲನ್ನು ನಿಧಾನವಾಗಿ ಕಲ್ಲಿನ ಮೇಲೆ ಹೊಯ್ದರು. ಕೈಮುಗಿದರು. ಆಮೇಲೆ ಮುಖ ಆ ಕಡೆ ತಿರುಗಿಸಿ ಕೂತರು.

ನಾನು ಹೊಡೆದೆ. ಒಂದೇ ಏಟು, ನೆತ್ತಿಯ ಅಂಚಿಗೆ. ಟಣ್ ಎಂದು ಗಂಟೆಯ ಹಾಗೆ ಸದ್ದಾಗಿ ಅಂಗೈಯಗಲದ ಚಕ್ಕೆ ಎದ್ದು ಬಿತ್ತು. ಒಳಗಿನ ಹೊಸ ಮುಖ ಬೂದು ಬಣ್ಣದಲ್ಲಿ ಹೊಳೆಯಿತು. ನನ್ನ ಕಲ್ಲೇ. ಅನುಮಾನವಿಲ್ಲ.

ವೆಬ್‌ಕ್ಯಾಮಿನ ನೆನಪು ನನಗಿರಲಿಲ್ಲ. ಒಳಗಡೆ ಫೋನು ಹೊಡೆದುಕೊಳ್ಳತೊಡಗಿತು. ನ್ಯೂಜೆರ್ಸಿಯಿಂದ ಯಾರೋ ಭಕ್ತರು. ಸೈಟಿನ ಒಂದು ಚಿತ್ರದಲ್ಲಿ ಸೀರೆ ಉಟ್ಟ ಹೆಂಗಸೊಬ್ಬಳು ದೇವರ ಮೇಲೆ ಸುತ್ತಿಗೆ ಎತ್ತಿದ್ದಾಳೆ, ಮುಂದಿನ ಚಿತ್ರದಲ್ಲಿ ದೇವರ ತಲೆ ಮುಕ್ಕಾಗಿದೆ, ಏನು ನಡೆಯುತ್ತಿದೆ ನಿಮ್ಮಲ್ಲಿ ಎಂದು ಅವರು ಕೇಳಿದರಂತೆ. ಚಂದ್ರು ಓಡಿ ಬಂದ. ಮೊದಲ ಬಾರಿ ಅವನ ಮುಖದಲ್ಲಿ ನಗು ಇರಲಿಲ್ಲ. ಹಿಂದೆ ವಿವೇಕ, ಸುಣ್ಣದ ಹಾಗೆ ಬೆಳ್ಳಗಾಗಿದ್ದ.

"ನಾನೇ ಒಡೆದದ್ದು," ಎಂದೆ. "ಇನ್ನು ಇದು ನಿಮ್ಮಲ್ಲಿ ಇರುವ ಹಾಗಿಲ್ಲ. ಸಮುದ್ರಕ್ಕೆ ಬಿಡಬೇಕು. ಅದರ ಸಮುದ್ರ ಯಾವುದೆಂದು ನಾನು ಹೇಳುತ್ತೇನೆ."

"ನೀನ್ ಸುಮ್ಕಿರೋ," ಎಂದು ಪುಟ್ಟಮ್ಮ ಮಗನಿಗೆ ಹೇಳಿದರು. "ನಾನೇ ಒಡಿ ಅಂದಿದ್ದು."

ತಾಯಿಯ ಮಾತಿಗೆ ಚಂದ್ರು ತಣ್ಣಗಾದ. ಭಟ್ಟರಿಗೆ ಫೋನು ಮಾಡಿದ. ಅವರು, ಭಿನ್ನವಾದದ್ದನ್ನು ಮನೆಯಲ್ಲಿಡಬೇಡಿ, ಸೂರ್ಯ ಮುಳುಗುವುದರೊಳಗೆ ಹರಿಯುವ ನೀರಿಗೋ ಸಮುದ್ರಕ್ಕೋ ಬಿಡಿ ಎಂದರು.

"ಸರಿ, ವ್ಯಾನ್ ತೆಗಿ ವಿವೇಕ್," ಎಂದ ಚಂದ್ರು. "ಪಸಿಫಿಕಾ ಬೀಚು ಒಂದ್ ಅವರ್ ಡ್ರೈವು."

ಪ್ರಳಯ ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು.

ಪಸಿಫಿಕಾ

ಆ ಒಂದು ಗಂಟೆ ನಾನು ಆಡದ ಮಾತಿಲ್ಲ. ಕಂಟೇನರಿನಲ್ಲಿ ಮಂಗಳೂರಿಗೆ ಕಳಿಸಿ ಎಂದೆ, ಖರ್ಚು ನಾನು ಕೊಡುತ್ತೇನೆ ಎಂದೆ, ನನ್ನ ಮಡಿಲಲ್ಲಿಟ್ಟುಕೊಂಡು ವಿಮಾನದಲ್ಲಿ ಹೋಗುತ್ತೇನೆ ಎಂದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಕೋಣನಿಗೆ ಆವತ್ತು ಎಂಟು ಸೀಟಿನ ವ್ಯಾನಿತ್ತು. ನಾನು ನೋಡಬೇಕೆಂದು ಊರಿಂದ ಬಂದಿದ್ದ ಆ ಬಿರುಕನ್ನೂ ಎಲ್ಲೋ ದಾರಿಯಲ್ಲಿ ದಾಟಿದೆವು. ಸಿಟ್ಟಿನಲ್ಲಿ ನಾನು ಕಿಟಕಿಯಾಚೆ ನೋಡಲೇ ಇಲ್ಲ.

ಪಸಿಫಿಕಾದಲ್ಲಿ ಕೊರೆಯುವ ಗಾಳಿ. ಚಂದ್ರು, ವಿವೇಕ ಕಲ್ಲನ್ನು ಬೆಡ್‌ಶೀಟಿನಲ್ಲಿ ಹೊತ್ತು ಮರಳಿಗೆ ತಂದರು. ಅಲೆ ನೋಡಿ ಇಬ್ಬರೂ ಹೆದರಿದರು. ನನಗೆ ಒಂದು ಕ್ಷಣ ಆಸೆ ಹುಟ್ಟಿತು. ಅಷ್ಟರಲ್ಲಿ ಮೈಗಂಟಿದ ಕಪ್ಪು ರಬ್ಬರ್ ಬಟ್ಟೆಯ ಒಬ್ಬ ಅಮೆರಿಕನ್ ಹುಡುಗ, ಅಲೆಯ ಮೇಲೆ ಜಾರುವ ಹಲಗೆ ಹಿಡಿದುಕೊಂಡು ಬಂದ. ಏನಿದು ಎಂದು ಕೇಳಿದ. ಚಂದ್ರು ದೇವರು ಎಂದ. ಆ ಹುಡುಗ ಮತ್ತೊಂದು ಪ್ರಶ್ನೆ ಕೇಳಲಿಲ್ಲ, ಟೋಪಿ ತೆಗೆಯುವವನ ಹಾಗೆ ತಲೆ ಬಗ್ಗಿಸಿ, ನನ್ನ ಹಲಗೆಯ ಮೇಲೆ ಇಡಿ, ನಾನು ಆಚೆ ಬಿಟ್ಟು ಬರುತ್ತೇನೆ ಎಂದ. ಬೇಡದಿದ್ದಲ್ಲಿ ಸಹಾಯ ಮಾಡುವ ಈ ಜನರಿಗೆ ಏನೆನ್ನಬೇಕು! ಬೇಡ, ಬೇಡ ಎಂದು ನಾನು ಕೂಗಿದ್ದು ಗಾಳಿಗೆ ಹೋಯಿತು.

ನೀರಿನಂಚಿನಲ್ಲಿ ಪುಟ್ಟಮ್ಮ ನನ್ನ ಕೈ ಹಿಡಿದುಕೊಂಡಿದ್ದರು. "ಇದು ಇವ್ನ ಸಮುದ್ರನೇನವ್ವಾ?"

"ಅಲ್ಲ ಅಮ್ಮ."

ಅವರು ಮಗನ ಕಡೆ ತಿರುಗಿದರು. "ಚಂದ್ರ, ಇದಲ್ವಂತೆ ಕಣೋ!"

"ಎಲ್ಲಾ ಸಮುದ್ರನೂ ಒಂದೇ ಕಣವ್ವ. ನೀರು ಸುತ್ಕೊಂಡು ಅಲ್ಲಿಗೇ ಓಯ್ತದೆ."

"ನೀರು ಹೋಗುತ್ತದೆ ಮಾರಾಯ! ಕಲ್ಲು ಹೋಗುದಿಲ್ಲ!" ಎಂದು ಕಿರುಚಿದೆ.

ಅಲೆಗಳಾಚೆ ಆ ಹುಡುಗ ಹಲಗೆಯನ್ನು ಮೆಲ್ಲಗೆ ಓರೆ ಮಾಡಿದ. ಒಂಬತ್ತು ಕೋಟಿ ವರ್ಷ ಒಂದು ಸದ್ದೂ ಇಲ್ಲದೆ ಮುಳುಗಿತು. ಅವನು ದೂರದಿಂದ ನಮ್ಮ ಕಡೆ ಕೈಮುಗಿದ. ಚಂದ್ರು ಕೈಯ ಮರಳು ಕೊಡವಿಕೊಂಡು, ಬರುವ ವಾರ ಭಾವನಿಗೆ ಹೇಳಿ ಬೇರೆ ಲಿಂಗ ತರಿಸುತ್ತೇನೆ, ಪೂರ್ತಿ ಪಾಲಿಶ್ ಮಾಡಿದ್ದು ಎಂದ. ಪುಟ್ಟಮ್ಮ ಹಿಂದಿರುಗುವ ದಾರಿಯಲ್ಲಿ ಸೀಟುಗಳ ನಡುವೆ ಕಲ್ಲಿದ್ದ ಜಾಗಕ್ಕೆ ಕಾಲು ತಗಲದ ಹಾಗೆ ಮುದುಡಿ ಕೂತಿದ್ದರು.

ಮಲ್ಪೆ

ವಿವೇಕನ ಕೆಲಸಕ್ಕೆ ನಾನು ಕಲ್ಲು ಹಾಕಲಿಲ್ಲ. ಚಂದ್ರು ಅವನನ್ನು ಸೇರಿಸಿಕೊಂಡ. ವರ್ಷ ತುಂಬುವುದರೊಳಗೆ ಕಂಪನಿಯೇ ಮುಚ್ಚಿಹೋಯಿತು. ಶೈಲಾ ಫೋನಿನಲ್ಲಿ ಅದನ್ನು ಹೇಳಿ ಅತ್ತಾಗ ಹಾಗೆ ಆಗಬೇಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಅವನಿಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು. ಪುಟ್ಟಮ್ಮನನ್ನು ಊರಿಗೆ ಕಳಿಸಿದರೋ ಎಂದು ಪ್ರತಿ ಸಲ ಕೇಳುತ್ತೇನೆ. ಇಲ್ಲವಂತೆ.

ನಾನು ಒಡೆದ ಚಕ್ಕೆ ಮಾತ್ರ ನನ್ನ ಕೈಚೀಲದಲ್ಲಿ ಊರಿಗೆ ಬಂತು. ಮಳೆಗಾಲಕ್ಕೆ ದೋಣಿ ನಿಲ್ಲುವ ಮುಂಚೆ ದ್ವೀಪಕ್ಕೆ ಹೋದೆ. ಖಾಲಿ ಬುಡದ ಮೇಲೆ ಯಾರೋ ಚುರುಮುರಿ ತಿಂದು ಕಾಗದ ಬಿಟ್ಟಿದ್ದರು. ಕಾಗದ ತೆಗೆದು ಚಕ್ಕೆಯನ್ನು ಅಲ್ಲಿಟ್ಟೆ. ತಲೆಯ ಚೂರು ಬುಡಕ್ಕೆ ಹೇಗೆ ಕೂರಬೇಕು? ಅಲ್ಲಾಡುತ್ತಿತ್ತು. ದೋಣಿಯವನು, "ಎಂತ ಟೀಚರ್, ಎಲ್ಲರೂ ಇಲ್ಲಿಂದ ಕಲ್ಲು ತಕೊಂಡು ಹೋಗುದು, ನೀವು ತಂದು ಹಾಕುದಾ?" ಎಂದು ನಕ್ಕ.

ಈ ಬರಹ ಅಮೆರಿಕ ಹೇಗಿತ್ತೆಂದು ಕೇಳುವವರಿಗೆ ಅಲ್ಲ. ಮುಂದೆ ಎಷ್ಟೋ ಕಾಲಕ್ಕೆ ಹುಟ್ಟುವ, ನನ್ನ ಹಾಗೆ ಕಲ್ಲಿನ ಹುಚ್ಚು ಹಿಡಿದ ಯಾರೋ ಒಬ್ಬರಿಗೆ. ಪಸಿಫಿಕಾದ ತೀರದಲ್ಲಿ ಅವರಿಗೆ ಒಂದು ಆರು ಮುಖದ ಬೂದು ಕಂಬ ಸಿಗುತ್ತದೆ. ಅದರ ವಯಸ್ಸು ಅಳೆಯುತ್ತಾರೆ, ಮಲ್ಪೆಯ ಕಲ್ಲಿಗೆ ಹೋಲಿಸುತ್ತಾರೆ, ಎರಡೂ ಸರಿಯಾಗಿ ಹೊಂದುತ್ತವೆ. ಈ ಎರಡು ನೆಲಗಳು ಒಂದು ಕಾಲಕ್ಕೆ ಅಂಟಿಕೊಂಡಿದ್ದವು ಎಂದು ಬರೆಯಲು ಹೊರಡುತ್ತಾರೆ. ದಯವಿಟ್ಟು ಬರೆಯಬೇಡಿ. ಅಂಟಿಕೊಂಡಿರಲಿಲ್ಲ. ಅದನ್ನು ಅಲ್ಲಿ ಹಾಕಿದ್ದು ಚಂದ್ರು.